ಸುಣ್ಣದ ಗೆರೆಯೊಳಗೆ ಒಂದು ದಿನದ ಸಂಸಾರ

"ಸಾಹೇಬ್ರ, ಅಲ್ಲೇ ನಿಂದ್ರಿ. ನೀವು ಗ್ವಾಡ್ಯಾಗಿಂದ ಒಳಗ ಬರಾಕತ್ತೀರಿ. ಬಾಗ್ಲ ಆ ಕಡಿ ಅದ."

ಎತ್ತಿದ ಕಾಲನ್ನು ಹಾಗೇ ಹಿಡಿದು ನಾನು ಸುತ್ತ ನೋಡುತ್ತೇನೆ. ಗೋಡೆಯೂ ಇಲ್ಲ, ಬಾಗಿಲೂ ಇಲ್ಲ. ಸೇಡಂ ತಾಲ್ಲೂಕಿನ ಮುಧೋಳದ ಅಂಚಿನಲ್ಲಿ ಒಂದು ಖಾಲಿ ಜಾಗ, ಜನವರಿಯ ಚಳಿ, ಬೆಳಗಿನ ಐದೂಮುಕ್ಕಾಲು. ಮಸುಕು ಬೆಳಕಿನಲ್ಲಿ ಕಪ್ಪು ನೆಲದ ಮೇಲೆ ಸುಣ್ಣದ ಬಿಳಿ ಗೆರೆಗಳು ಕಾಣುತ್ತವೆ. ಒಂದು ಗೆರೆಯ ಆಚೆ ಮೂರು ಕಲ್ಲಿನ ಒಲೆ ಉರಿಯುತ್ತಿದೆ. ಇನ್ನೊಂದು ಗೆರೆಯ ಆಚೆ ಮುದುಕಿಯೊಬ್ಬರು ಕೌದಿ ಹೊದ್ದು ಕೂತಿದ್ದಾರೆ. ನಾನು ಕಳ್ಳನಂತೆ ಹಿಂದೆ ಸರಿದು, ಗೆರೆ ತುಂಡಾಗಿರುವ ಜಾಗ ಹುಡುಕಿಕೊಂಡು ಹೋಗಿ, ಅಲ್ಲಿಂದ ಒಳಗೆ ಬರುತ್ತೇನೆ. ಒಲೆಯ ಹತ್ತಿರ ಕೂತ ಹೆಣ್ಣುಮಗಳು ಸೆರಗಿನಲ್ಲಿ ನಗು ಮುಚ್ಚಿಕೊಳ್ಳುತ್ತಾಳೆ.

ನನ್ನನ್ನು ತಡೆದವರು ವಾಡಿಯ ಭೀಮಶ್ಯಾ. ವಯಸ್ಸು ಅರವತ್ತೇಳು. ಒಂದು ಕೈಯಲ್ಲಿ ಸುಣ್ಣದ ಪುಡಿಯ ಡಬ್ಬಿ, ಇನ್ನೊಂದರಲ್ಲಿ ಮೋಟು ಕಸಬರಿಗೆ. ಡಬ್ಬಿಯಿಂದ ಗೆರೆ ಹಾಕುತ್ತಾರೆ, ಕಸಬರಿಗೆಯಿಂದ ಅಳಿಸುತ್ತಾರೆ. ಹಾಕಿದ್ದಕ್ಕಿಂತ ಅಳಿಸಿದ್ದೇ ಹೆಚ್ಚು ಎಂದು ಅವರೇ ಹೇಳುತ್ತಾರೆ. ಇವರ ಕೆಲಸಕ್ಕೆ ಏನೆಂದು ಹೆಸರಿಡಬೇಕೋ ನನಗೆ ಈಗಲೂ ತಿಳಿದಿಲ್ಲ. ಎಂಜಿನಿಯರ್ ಅಲ್ಲ, ಗೋಡೆ ಕಟ್ಟುವ ಗೌಂಡಿಯೂ ಅಲ್ಲ. ವಾಸ್ತು ಹೇಳುವವರೇ ಎಂದು ಕೇಳಿದರೆ ಕೈ ಅಲ್ಲಾಡಿಸುತ್ತಾರೆ. "ವಾಸ್ತು ಗೊತ್ತಿಲ್ರಿ. ನಂಗ ಗೊತ್ತಿದ್ದದ್ದು ಬರೇ ಹೊರಸು."

ಹೊರಸೆಂದರೆ ಹಗ್ಗ ಹೆಣೆದ ಮಂಚ. ಅದರ ವಿಷಯ ಆಮೇಲೆ ಬರುತ್ತದೆ. ಮೊದಲು ಗೆರೆಯ ಮನೆ ಏನೆಂದು ಹೇಳಬೇಕು.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತಾರೆ. ಭೀಮಶ್ಯಾ ಅವರದು ಅದಕ್ಕೂ ಹಿಂದಿನ ಮಾತು: ಕಟ್ಟುವ ಮೊದಲು ಬಾಳಿ ನೋಡು. ಮನೆ ಕಟ್ಟಲು ಹೊರಟವರು ಇವರನ್ನು ಕರೆಯುತ್ತಾರೆ. ಇವರು ಬಂದು, ಆಗಬೇಕಾದ ಮನೆಯನ್ನು ಅಳತೆಗೆ ಸರಿಯಾಗಿ ಸುಣ್ಣದಲ್ಲಿ ನೆಲದ ಮೇಲೆ ಬಿಡಿಸುತ್ತಾರೆ. ಆಮೇಲೆ ಇಡೀ ಮನೆಮಂದಿ ಬೆಳಗಿನಿಂದ ಸಂಜೆಯವರೆಗೆ ಆ ಗೆರೆಗಳೊಳಗೇ ಇರಬೇಕು. ಒಲೆ ಇರಬೇಕಾದಲ್ಲಿ ಒಲೆ ಹೂಡಿ ರೊಟ್ಟಿ ಬಡಿಯಬೇಕು. ಬಚ್ಚಲಿನ ಗೆರೆಯೊಳಗೆ ಕೈಕಾಲು ತೊಳೆಯಬೇಕು. ಮಧ್ಯಾಹ್ನ ಮಲಗುವ ಕೋಣೆಯಲ್ಲಿ ಅಡ್ಡಾಗಬೇಕು. ಜಗಳ ಬಂದರೆ ಗೆರೆಯ ಒಳಗೇ ಆಡಬೇಕು. ಯಾರೂ ಗೋಡೆ ದಾಟುವಂತಿಲ್ಲ. ದಾಟಿದವರು ವಾಪಸ್ ಹೋಗಿ ಬಾಗಿಲಿನಿಂದ ಬರಬೇಕು, ಊರ ಗೌಡರೇ ಆಗಿರಲಿ.

ಮುಧೋಳದ ಈ ಮನೆ ನಾಗರತ್ನಾ ಮತ್ತು ಲಕ್ಷ್ಮಿಕಾಂತ ದಂಪತಿಯದು. ಲಕ್ಷ್ಮಿಕಾಂತರಿಗೆ ಹೊಲ ಇದೆ, ನಾಲ್ಕು ಎಮ್ಮೆ ಇವೆ. ಕೌದಿ ಹೊದ್ದು ಕೂತವರು ಅವರ ತಾಯಿ ಮರೆಮ್ಮ. ಮೂವರೂ ನಿನ್ನೆ ಇಡೀ ದಿನ ಗೆರೆಯೊಳಗೆ ಬಾಳಿದ್ದಾರೆ. ಬಾಳಿ ಏನು ತೀರ್ಮಾನಿಸಿದಿರಿ ಎಂದರೆ ಮೂವರೂ ಒಂದೇ ಸಲ ಮಾತಾಡುತ್ತಾರೆ.

"ಮುಂಜಾನಿ ಒಲಿ ಮೂಲ್ಯಾಗಿತ್ತು. ಹೊಗಿ ಎಲ್ಲಾ ಅತ್ತಿ ಮಕಕ್ಕ ಬಂತು," ಎನ್ನುತ್ತಾರೆ ನಾಗರತ್ನಾ. "ಮಧ್ಯಾಹ್ನಕ್ಕ ಈ ಕಡಿ ತಂದೆವು. ಇಲ್ಲಿಂದ ಬಾಗ್ಲ ಕಾಣಂಗಿಲ್ಲ. ಯಾರು ಬಂದ್ರು, ಯಾರು ಹೋದ್ರು ಹ್ಯಾಂಗ ಗೊತ್ತಾಗಬೇಕು? ಸಂಜೀಕ ಮತ್ತ ತಿರುಗಿಸಿದೆವು."

"ಈಗ ಟಿವಿ ಎಲ್ಲಿಡಬೇಕು ಅಂತ ತಿಳಿಲಾರದಂಗ ಆಗ್ಯಾದ," ಎಂದು ಲಕ್ಷ್ಮಿಕಾಂತ ತಲೆ ಕೆರೆದುಕೊಳ್ಳುತ್ತಾರೆ.

"ಟಿವಿ ಎಮ್ಮಿ ಮುಂದಿಡು," ಎನ್ನುತ್ತಾರೆ ಮರೆಮ್ಮ.

ಭೀಮಶ್ಯಾ ಯಾರ ಪರವೂ ಮಾತಾಡುವುದಿಲ್ಲ. ಕಸಬರಿಗೆ ಹಿಡಿದು ನಿಂತಿದ್ದಾರೆ ಅಷ್ಟೇ. ಗೊಂದಲ ಜಾಸ್ತಿ ಆದಷ್ಟೂ ಅವರ ಮುಖದಲ್ಲಿ ಸಮಾಧಾನ ಹೆಚ್ಚುವುದು ನೋಡಿ ನನಗೇ ಗಲಿಬಿಲಿಯಾಗುತ್ತದೆ. ಯಾಕೆ ಹೀಗೆ ಎಂದು ಕೇಳುತ್ತೇನೆ.

"ಈಗ ಪರೇಶಾನ್ ಆಗ್ಲಿ ಬಿಡ್ರಿ. ಈಗ ಆದ್ರ ಕಸಬರಗಿಲೆ ಹೋಗ್ತದ. ಗ್ವಾಡಿ ಎದ್ದ ಮ್ಯಾಲ ಆದ್ರ ಸುತ್ತಿಗಿ ಬೇಕು."

ನಮ್ಮ ಮನೆಯ ಬಟ್ಟೆ ಒಗೆಯುವ ಯಂತ್ರ ಎರಡು ವರ್ಷದಿಂದ ದೇವರ ಕೋಣೆಯ ಬಾಗಿಲಲ್ಲಿ ಕೂತಿದೆ. ಬಚ್ಚಲಿನ ಬಾಗಿಲಿಗಿಂತ ಅದು ಎರಡು ಬೆರಳು ಅಗಲ. ಅಂಗಡಿಯಲ್ಲಿ ಬಣ್ಣ ನೋಡಿದ್ದೆವು, ಬಾಗಿಲು ಯಾರಿಗೂ ನೆನಪಾಗಲಿಲ್ಲ. ದೇವರಿಗೆ ಕೈಮುಗಿಯುವಾಗಲೆಲ್ಲ ಅದಕ್ಕೂ ಒಂದು ನಮಸ್ಕಾರ ಸಲ್ಲುತ್ತದೆ.

ಹೊತ್ತು ಮೂಡುತ್ತಿದ್ದಂತೆ ಕೊನೆಯ ಪರೀಕ್ಷೆ. ಪಕ್ಕದ ಮನೆಯಿಂದ ನುಲಿಯ ಹೊರಸೊಂದು ಬರುತ್ತದೆ. ಅದರ ಮೇಲೆ ಒಬ್ಬರನ್ನು ಮಲಗಿಸಿ, ಒಳಕೋಣೆಯಿಂದ ಎತ್ತಿಕೊಂಡು, ಯಾವ ಗೆರೆಯನ್ನೂ ದಾಟದೆ, ತಿರುವುಗಳಲ್ಲಿ ತಿರುಗಿಸಿ, ಬಾಗಿಲಿನಿಂದ ಹೊರಗೆ ತರಬೇಕು. ಇದು ಆಗದ ಮನೆಯನ್ನು ಭೀಮಶ್ಯಾ ಒಪ್ಪುವುದಿಲ್ಲ. ಮಲಗಬೇಕಾದವರು ಮನೆಯ ಹಿರಿಯರು. ಆದರೆ ಮರೆಮ್ಮ ಕೌದಿ ಬಿಟ್ಟು ಏಳುವುದಿಲ್ಲ.

"ನಾ ಯಾಕ ಮಲಗಲಿ? ನಾ ಇನ್ನ ಸತ್ತಿಲ್ಲ. ಪೇಪರ್‌ದವರು ಬಂದಾರಲ್ಲ, ಅವರಿಗಿ ಮಲಗಸ್ರಿ. ತೂಕಾನೂ ಚಲೋ ಅದ."

ಹೀಗೆ ನಾನು ಬರೆಯಲು ಬಂದವನು ಹೊರಸಿನ ಮೇಲೆ ಅಂಗಾತ ಮಲಗುತ್ತೇನೆ. ನಾಲ್ವರು ಎತ್ತುತ್ತಾರೆ. ಮೇಲೆ ಆಕಾಶ ತಿರುಗುತ್ತದೆ, ಕೆಳಗೆ ಭೀಮಶ್ಯಾ ಅವರ ಧ್ವನಿ ಕೇಳುತ್ತದೆ: "ಕಾಲ ಕಡಿ ಮುಂದ... ತಡೀರಿ, ಅಲ್ಲಿ ತಿಜೋರಿ ಅದ." ಇಲ್ಲದ ತಿಜೋರಿಗೆ ನನ್ನ ತಲೆ ತಾಗುತ್ತದೆ. ಹೊರಸನ್ನು ಇಳಿಸುತ್ತಾರೆ. ತಿಜೋರಿ ಆಚೆ ಗೋಡೆಗೆ ಹೋಗುತ್ತದೆ, ಒಂದು ಗೆರೆ ಅಳಿಯುತ್ತದೆ, ಮತ್ತೊಂದು ಏಳುತ್ತದೆ. ಮೂರನೆಯ ಸಲಕ್ಕೆ ನಾನು ಬಾಗಿಲಿನಿಂದ ಸುಗಮವಾಗಿ ಹೊರಗೆ ಬರುತ್ತೇನೆ. ಸೇರಿದ್ದ ಜನ ಹಲ್ಲುಬಿಟ್ಟು ನೋಡುತ್ತಿರುತ್ತಾರೆ.

ರೊಟ್ಟಿ ತಿನ್ನುವಾಗ ಭೀಮಶ್ಯಾ ಅವರನ್ನು ಪಕ್ಕಕ್ಕೆ ಕರೆದು, ನಿಮ್ಮ ಆಸೆ ಏನು ಎಂದು ಕೇಳುತ್ತೇನೆ. ನಮ್ಮ ಪುರವಣಿಯ ಲೇಖನಗಳಿಗೆ ಕೊನೆಯಲ್ಲಿ ಒಂದು ಆಸೆ ಬೇಕಾಗುತ್ತದೆ. ಬೆಳಿಗ್ಗೆಯೇ ಕೇಳಿಟ್ಟುಕೊಂಡರೆ ನಿಶ್ಚಿಂತೆ. ಅವರು ಮುರಿದ ರೊಟ್ಟಿಯನ್ನು ಕೈಯಲ್ಲೇ ಹಿಡಿದು ಕೂರುತ್ತಾರೆ.

"ಏನ್ ಹೇಳ್ಲಿ? ನಾಡದ ಸೋಮವಾರ ನಮ್ಮ ಮನಿಗಿ ಗೌಂಡಿ ಬರ್ತಾನ. ಜಗದೇವಪ್ಪ ಅಂತ. ಇನ್ನೂ ಗೆರಿ ಹಾಕಿಲ್ಲ ನಾನು."

ಮನೆಯ ವಿಷಯ ಹೀಗಿದೆ. ಹೋದ ದೀಪಾವಳಿಯ ಹಿಂದಿನ ದೀಪಾವಳಿಯ ಹೊತ್ತಿಗೆ ಅವರ ಹೆಂಡತಿ ಅನಸುಬಾಯಿ ಅವರಿಗೆ ಲಕ್ವಾ ಹೊಡೆದು ಬಲಗಾಲು ಸೋತಿತು. ಈಗ ನಾಲ್ಕು ಕಾಲಿನ ವಾಕರ್ ಹಿಡಿದು ಒಳಗೆ ಅಷ್ಟಿಷ್ಟು ಓಡಾಡುತ್ತಾರೆ. ಮನೆಯಿಂದ ತಾವೊಬ್ಬರೇ ಹೊರಗೆ ಬಂದು ಹದಿನಾಲ್ಕು ತಿಂಗಳಾಯಿತು. ವಾಡಿಯಲ್ಲೇ ರೈಲ್ವೆ ನೌಕರಿಯಲ್ಲಿರುವ ಮಗ ಕಪಿಲ ಮನೆಯನ್ನು ರಿಪೇರಿ ಮಾಡಿಸಿ, ಅಮ್ಮನಿಗೆ ತಿರುಗಾಡಲು ಬರುವಂತೆ ಮುಂದಿನ ಭಾಗ ಹೊಸದಾಗಿ ಕಟ್ಟಿಸಲು ಹೊರಟಿದ್ದಾನೆ. ಗೆರೆ ಹಾಕಿಕೊಡಬೇಕಾದವರು ಅಪ್ಪ. ಅಪ್ಪ ನಾಲ್ಕು ತಿಂಗಳಿಂದ ಹಾಕುತ್ತಾರೆ, ಅಳಿಸುತ್ತಾರೆ.

"ಬಾಗ್ಲ ಎಲ್ಲಿಡಬೇಕು ತಿಳಿವಲ್ದು," ಎನ್ನುತ್ತಾರೆ ಅವರು. ಸೇಡಂ, ಚಿತ್ತಾಪುರ, ಶಹಾಬಾದ್, ಚಿಂಚೋಳಿ ಸುತ್ತಿ ಮುನ್ನೂರಕ್ಕೂ ಹೆಚ್ಚು ಮನೆಗಳ ಬಾಗಿಲು ತೋರಿಸಿದ ಮನುಷ್ಯನ ಬಾಯಿಂದ ಈ ಮಾತು ಕೇಳಿ ನಾನು ಪೆನ್ನು ಕೆಳಗಿಡುತ್ತೇನೆ.

ಬಿಸಿಲೇರಿದ ಮೇಲೆ ಕಡ್ಡಿಗಳ ಕೆಲಸ. ಈ ಸೀಮೆಯಲ್ಲಿ ತೊಗರಿ ರಾಶಿ ಮುಗಿದ ಮೇಲೆ ಒಣ ಕಟ್ಟಿಗೆಗೆ ಬರವಿಲ್ಲ. ಭೀಮಶ್ಯಾ ನೆಟ್ಟಗಿರುವ ತೊಗರಿ ಕಟ್ಟಿಗೆಗಳನ್ನು ಆರಿಸಿ, ಗೆರೆಯ ಮನೆಯ ಅಳತೆಗೆ ಕತ್ತರಿಸುತ್ತಾರೆ. ಬಾಗಿಲಿನ ಅಗಲಕ್ಕೆ ಒಂದು, ಕಿಟಕಿಗೆ ಒಂದು, ಅಡುಗೆ ಕಟ್ಟೆಯ ಉದ್ದಕ್ಕೆ ಒಂದು, ತಿಜೋರಿ ನಿಲ್ಲುವ ಜಾಗಕ್ಕೆ ಒಂದು. ಪ್ರತಿಯೊಂದಕ್ಕೂ ಬೇರೆ ಬೇರೆ ಬಣ್ಣದ ಚಿಂದಿ ಕಟ್ಟಿ ನಾಗರತ್ನಾ ಅವರ ಕೈಗೆ ಕೊಡುತ್ತಾರೆ. ಇವತ್ತು ಸೇಡಂನಲ್ಲಿ ಬಾಗಿಲು ಕೊಳ್ಳಬೇಕು. ಕಡ್ಡಿ ಕೊಟ್ಟ ಮೇಲೆ ಪಾಠ ಒಪ್ಪಿಸಿಕೊಳ್ಳುತ್ತಾರೆ.

"ಅಂಗಡ್ಯಾಂವ ಇದು ಕೊನೀದು, ಮತ್ತ ಸಿಗಂಗಿಲ್ಲ ಅಂದ್ರ?"

"ಕೆಂಪ ಕಡ್ಡಿ ಹಿಡಿದು ನೋಡ್ತೀನಿ, ಕಾಕಾ," ಎನ್ನುತ್ತಾರೆ ನಾಗರತ್ನಾ.

"ಕಡ್ಡಿಗಿ ಬರಲಿಲ್ಲಂದ್ರ?"

"ಚಾ ಕುಡದು ತಿರುಗಿ ಬರ್ತೀವಿ," ಎಂದು ಲಕ್ಷ್ಮಿಕಾಂತ ನಡುವೆ ಬಾಯಿ ಹಾಕುತ್ತಾರೆ.

"ಚಾ ಬ್ಯಾಡ. ಅವರ ಚಾ ಕುಡದ್ರ ಮನಸ್ಸು ಮೆತ್ತಗ ಆಗ್ತದ. ಮನ್ಯಾಗೇ ಕುಡದು ಹೋಗ್ರಿ."

ನಾವು ಸೇಡಂ ಮುಟ್ಟುವ ಹೊತ್ತಿಗೆ ಮಧ್ಯಾಹ್ನ. ಭೀಮಶ್ಯಾ ಅಂಗಡಿಗೆ ಬಾರದೆ ನೇರ ರೈಲ್ವೆ ಸ್ಟೇಷನ್ನಿಗೆ ಹೋಗುತ್ತಾರೆ. ಬಾಗಿಲು, ಕಿಟಕಿ ಮಾರುವ ಅಸದ ಅವರಿಗೆ ತೊಗರಿ ಕಡ್ಡಿ ಹೊಸದಲ್ಲ. ದೂರದಿಂದಲೇ ನೋಡಿ, "ಬರ್ರಿ ಬರ್ರಿ, ಭೀಮಶ್ಯಾನ ಮಂದಿ ಬಂದ್ರು," ಎಂದು ಕುರ್ಚಿ ಹಾಕುತ್ತಾರೆ. ಚಹಾ ಬರುತ್ತದೆ. ಲಕ್ಷ್ಮಿಕಾಂತ ಕುಡಿಯುತ್ತಾರೆ. ನಾನೂ ಕುಡಿಯುತ್ತೇನೆ, ಸುಳ್ಳು ಯಾಕೆ ಹೇಳಲಿ. ಅಸದ ಎರಡು ಕದದ ಬಾಗಿಲೊಂದನ್ನು ತೋರಿಸುತ್ತಾರೆ. ಹಿತ್ತಾಳೆಯ ಹಿಡಿ, ಮೇಲೆ ನವಿಲು. ಲಕ್ಷ್ಮಿಕಾಂತರ ಕಣ್ಣು ನವಿಲಿನಲ್ಲೇ ಉಳಿಯುತ್ತದೆ.

"ಒಂದ್ ಸ್ವಲ್ಪ ಗ್ವಾಡಿ ಸರಿಸಿದ್ರ ಆಗಂಗಿಲ್ಲೇನು?" ಎಂದು ಅವರು ಹೆಂಡತಿಯ ಮುಖ ನೋಡುತ್ತಾರೆ.

ನಾಗರತ್ನಾ ಅವರ ಮುಖದಲ್ಲೂ ಅನುಮಾನ. ನವಿಲು ಅವರಿಗೂ ಹಿಡಿಸಿದೆ. ಆದರೂ ಅವರು ಕೆಂಪು ಚಿಂದಿಯ ಕಡ್ಡಿಯನ್ನು ಬಾಗಿಲಿಗೆ ಅಡ್ಡ ಹಿಡಿಯುತ್ತಾರೆ. ಬಾಗಿಲು ಒಂದು ಗೇಣು ಹೆಚ್ಚಿದೆ.

"ಗೇಣು ಗ್ವಾಡಿ ಸರದ್ರ ತಿಜೋರಿ ಸರೀತದ. ತಿಜೋರಿ ಸರದ್ರ ಹೊರಸು ತಿರಗಂಗಿಲ್ಲ. ಮುಂಜಾನಿ ಇವರ ತಲಿಗಿ ಬಡೀತಲ್ಲ," ಎಂದು ನನ್ನನ್ನು ತೋರಿಸುತ್ತಾರೆ. ನನ್ನ ತಲೆ ಒಂದು ಕೆಲಸಕ್ಕೆ ಬಂತು. ಕಡ್ಡಿಗೆ ಸರಿಯಾಗಿ ಕೂಡುವ ಒಂದೇ ಕದದ, ನವಿಲಿಲ್ಲದ ಬಾಗಿಲು ಟಂಟಂ ಆಟೋ ಏರುತ್ತದೆ.

ಮೊದಲೇ ತೀರ್ಮಾನಿಸಿ ಹೋದವರ ಮನಸ್ಸು ಅಂಗಡಿಯಲ್ಲಿ ಅಲ್ಲಾಡುವುದಿಲ್ಲ ಎಂದು ನಾನು ತಿಳಿದಿದ್ದೆ. ಅದು ತಪ್ಪು. ಅಲ್ಲಾಡುತ್ತದೆ, ಚೆನ್ನಾಗಿಯೇ ಅಲ್ಲಾಡುತ್ತದೆ. ಆಗ ಕೈಯಲ್ಲಿ ಹಿಡಿದುಕೊಳ್ಳಲು ಒಂದು ಕಡ್ಡಿ ಇರುತ್ತದೆ ಅಷ್ಟೇ. "ಹಿಂಗ ಆದ್ರ ಹಂಗ ಮಾಡ್ತೀನಿ" ಎಂದು ಮನೆಯಲ್ಲೇ ಬಾಯಿಬಿಟ್ಟು ಹೇಳಿಬಂದ ಮಾತು ಅಂಗಡಿಯಲ್ಲಿ ನೆನಪಾಗುತ್ತದೆ. ಗಿರಾಕಿ ಕಡ್ಡಿ ತಂದರೆ ನಿಮಗೆ ನಷ್ಟವಲ್ಲವೇ ಎಂದು ಅಸದ ಅವರನ್ನು ಕೇಳಿದೆ. "ನಷ್ಟ ಹ್ಯಾಂಗ್ರಿ? ಕಡ್ಡಿ ಮಂದಿ ಒಯ್ದದ್ದು ವಾಪಸ್ ತರಂಗಿಲ್ಲ," ಎಂದರು.

ಸೇಡಂನಿಂದ ವಾಡಿಗೆ ರೈಲು. ಕಿಟಕಿಯ ಪಕ್ಕ ಕೂತು ಭೀಮಶ್ಯಾ ತಮ್ಮ ಕಥೆ ಹೇಳುತ್ತಾರೆ. ಮೊದಲು ಶಹಾಬಾದಿನ ಕಲ್ಲಿನ ಗಣಿಯಲ್ಲಿ ಕಲ್ಲು ಎಬ್ಬಿಸುವ ಕೆಲಸ. ಆಮೇಲೆ ಮೂವತ್ತು ವರ್ಷ ಮನೆಗಳಿಗೆ ಆ ಕಲ್ಲನ್ನೇ ಹಾಸುವ ಕೆಲಸ. ಇಲ್ಲಿನವರು ಫರಸಿ ಎನ್ನುವ ಹಾಸುಗಲ್ಲು ಅದು. ನೆಲ ಹಾಸುವವನು ಎಲ್ಲರಿಗಿಂತ ಕೊನೆಗೆ ಬರುವವನು. ಆಗಲೇ ಅವರಿಗೆ ಮನೆಗಳ ಹುಳುಕೆಲ್ಲ ಕಂಡಿದ್ದು. ತಿಜೋರಿ ಒಳಗೆ ಹೋಗದ ಕೋಣೆ, ತೆರೆದರೆ ಒಲೆಗೆ ಬಡಿಯುವ ಕದ, ಹೊಳೆಯುತ್ತದೆಂದು ಬಚ್ಚಲಿಗೆ ಹಾಕಿಸಿ ಜಾರಿ ಬೀಳುವ ನುಣುಪು ಕಲ್ಲು.

"ಮಂದಿ ಸಾಮಾನ ಮೊದ್ಲ ತರ್ತಾರ, ಮನಿ ಆಮ್ಯಾಲ ನೆನಸ್ತಾರ. ನಾನೂ ಹಂಗೇ ಮಾಡ್ದಾಂವ. ನಾ ಬಾಗ್ಲ ತಂದು ಮನಿ ಕಟ್ಟಿದೆ."

ಇಪ್ಪತ್ತಾರು ವರ್ಷದ ಹಿಂದೆ ಚಿತ್ತಾಪುರ ಕಡೆಯ ಒಂದು ಹಳ್ಳಿಯಲ್ಲಿ ಹಳೆಯ ವಾಡೆಯೊಂದನ್ನು, ಸಾಹುಕಾರರ ದೊಡ್ಡ ಮನೆಯನ್ನು, ಕೆಡವುತ್ತಿದ್ದರು. ಅದರ ತಲೆಬಾಗಿಲು ಮಾರಾಟಕ್ಕಿತ್ತು. ಸಾಗವಾನಿಯ ಚೌಕಟ್ಟು, ಎರಡು ದೊಡ್ಡ ಕದ, ಗೇಣಿಗಿಂತ ಎತ್ತರದ ಹೊಸ್ತಿಲು. ಭೀಮಶ್ಯಾ ಅದನ್ನು ಕೊಂಡು ಎತ್ತಿನ ಬಂಡಿಯಲ್ಲಿ ತಂದರು. ಅವರ ಜಾಗದ ಅಗಲ ಹನ್ನೆರಡು ಅಡಿ. ಬಾಗಿಲು ನಿಲ್ಲಿಸಿ, ಉಳಿದ ಕಡೆ ಗೋಡೆ ಎಬ್ಬಿಸಿದರು. ಕದ ತೆರೆದರೆ ಅರ್ಧ ಮನೆ ಕದಕ್ಕೇ ಹೋಗುತ್ತಿತ್ತು. ಮೂರು ವರ್ಷದ ಮೇಲೆ ತಂದೆ ಸಾಯಬಣ್ಣ ಅವರಿಗೆ ಎದೆನೋವು ಬಂತು. ಮಲಗಿಸಿದ್ದ ಹೊರಸನ್ನು ನಾಲ್ವರು ಎತ್ತಿದರು. ಕದಕ್ಕೂ ಗೋಡೆಗೂ ನಡುವೆ ಅದು ತಿರುಗಲಿಲ್ಲ.

"ಓರಿ ಮಾಡಿದೆವು, ನೆಟ್ಟಗ ಮಾಡಿದೆವು. ನಮ್ಮಪ್ಪ ನೋಡಿ ನೋಡಿ, ಇಳಸ್ರೋ ಅಂದ. ಹೊರಸಿನ ಮ್ಯಾಲಿಂದ ಇಳದು, ಗ್ವಾಡಿ ಹಿಡ್ಕೊಂಡು, ತಾನೇ ನಡದು ಹೋಗಿ ಜೀಪ್ ಹತ್ತಿದ. ತಿರುಗಿ ಬರಲಿಲ್ಲ."

ರೈಲು ಚಿತ್ತಾಪುರದಲ್ಲಿ ನಿಂತು ಹೊರಡುತ್ತದೆ. ಅವರು ಒಂದು ಕದ ಬಿಚ್ಚಿದ್ದು ಆಮೇಲೆ. ಇನ್ನೊಬ್ಬರ ಮನೆಗೆ ಸುಣ್ಣದ ಗೆರೆ ಹಾಕತೊಡಗಿದ್ದೂ ಆಮೇಲೆ. ಮೊದಮೊದಲು ಜನ ನಕ್ಕರು. ಕುಂಚಾವರಂನಲ್ಲಿ ತೆಲುಗು ಮಾತಾಡುವ ಅಜ್ಜಿಯೊಬ್ಬಳು ಇವರನ್ನು ಸರ್ವೆಯವರೆಂದು ತಿಳಿದು, ಜಾಗ ಕಿತ್ತುಕೊಳ್ಳಲು ಬಂದಿದ್ದಾರೆಂದು ಒನಕೆ ಹಿಡಿದು ಬೆನ್ನಟ್ಟಿದ್ದಳಂತೆ. ಈಗ ವಾರಕ್ಕೆ ಎರಡು ಮನೆ ಸಿಗುತ್ತವೆ. ಬೆಳಗಿನ ನಾಲ್ಕಕ್ಕೆ ಎದ್ದು ಗೆರೆ ಹಾಕಿದರೆ ಸೂರ್ಯ ಮೂಡುವ ಹೊತ್ತಿಗೆ ಮನೆ ತಯಾರು. ಒಂದು ಮನೆಗೆ ಒಂದೂವರೆ ಚೀಲ ಸುಣ್ಣ, ಹತ್ತು ಹನ್ನೆರಡು ಕಡ್ಡಿ. ಕೂಲಿಗೆ ಇಷ್ಟೇ ಎಂದಿಲ್ಲ. ಕೊಡ್ಲಿ ಊರಿನವರು ಹೋದ ವಾರ ತೊಗರಿ ಬೇಳೆ ಕಟ್ಟಿಕೊಟ್ಟರು.

ಅದೆಲ್ಲ ಸರಿ, ಅಂಥ ಬಾಗಿಲು ತಂದಿದ್ದಾದರೂ ಯಾಕೆ ಎಂದು ನಾನು ಕೇಳುತ್ತೇನೆ. ಕಲ್ಲಿನ ಅಳತೆ ಬಲ್ಲವರಿಗೆ ಬಾಗಿಲಿನ ಅಳತೆ ತಿಳಿಯಲಿಲ್ಲವೇ?

"ನಮ್ಮಪ್ಪ ಆ ವಾಡೇದಾಗ ಇಪ್ಪತ್ತು ವರ್ಷ ದುಡದಾನ್ರಿ. ಅಂಗಳದ ತನಕ. ಆ ಹೊಸ್ತಲ ದಾಟಾಕ ಬಿಡ್ತಿದ್ದಿಲ್ಲ. ನಮ್ಮ ಜಾತಿ ಅಂಥಾದ್ದು ಅಂತ. ಕೆಡವಾಕತ್ತಾರ ಅಂತ ಕೇಳಿ ಹೋದೆ. ಅಳತಿ ಗಿಳತಿ ಏನೂ ನೋಡ್ಲಿಲ್ಲ. ನಮ್ಮಪ್ಪ ದಿನಾ ಹತ್ತು ಸಲ ದಾಟಲಿ ಅಂತ ತಂದೆ."

ಅವರೇ ಮುಂದುವರಿಸುತ್ತಾರೆ. ಗೆರೆಯ ಮನೆಗೆ ಎಲ್ಲರೂ ಅವರನ್ನು ಒಳಗೆ ಕರೆಯುತ್ತಾರೆ, ಅಡುಗೆ ಕೋಣೆಯಲ್ಲಿ ನಿಂತು ಒಲೆಯ ಜಾಗ ತೋರಿಸಿ ಎನ್ನುತ್ತಾರೆ. ಗೋಡೆ ಎದ್ದ ಮೇಲೆ ಅದೇ ಮನೆಗೆ ಹೋದರೆ ಕೆಲವರು ಅಂಗಳದಲ್ಲೇ ಚಹಾ ಕೊಡುತ್ತಾರೆ. "ಎಲ್ಲರೂ ಹಂಗಿಲ್ಲ. ಮುಧೋಳದ ಈ ನಾಗರತ್ನಾ ಒಳಗ ಕರೀತಾಳ. ನೋಡಿದ್ರ ಗೊತ್ತಾಗ್ತದ," ಎನ್ನುತ್ತಾರೆ. ನನಗೆ ಸಿಟ್ಟು ಬರುತ್ತದೆ. ಅವರಿಗೆ ಬಂದಂತೆ ಕಾಣುವುದಿಲ್ಲ.

ವಾಡಿಯಲ್ಲಿ ಅವರ ಮನೆಯ ಮುಂದೆ ನಿಂತಾಗ ಐದು ಗಂಟೆ. ಬಿಚ್ಚಿದ ಕದ ಅಂಗಳದಲ್ಲಿ ನಾಲ್ಕು ಕಲ್ಲಿನ ಮೇಲೆ ಮಲಗಿದೆ, ಅದರ ಮೇಲೆ ಸುಣ್ಣದ ಚೀಲಗಳು. ಚೌಕಟ್ಟು ಮಾತ್ರ ನೆಟ್ಟಗೆ ನಿಂತಿದೆ, ಕೆಳಗೆ ಹೊಸ್ತಿಲು. ಅದರ ಒಳಗಿನ ಬದಿಯಲ್ಲಿ ವಾಕರ್ ಹಿಡಿದು ಅನಸುಬಾಯಿ ನಿಂತಿದ್ದಾರೆ. ಪಕ್ಕದ ಗೋಡೆಯಲ್ಲಿ ಬುದ್ಧನ ಚಿತ್ರ, ಕೆಳಗೆ ಹಚ್ಚಿಟ್ಟ ಊದಿನಕಡ್ಡಿ.

"ಬರ್ರಿ, ಕುಂದ್ರಿ," ಎಂದು ಅವರು ನನ್ನನ್ನು ಕರೆಯುತ್ತಾರೆ. ಗಂಡನ ಕಡೆ ತಿರುಗಿ, "ಊರಿಗಿ ಉಪಕಾರಿ ಬಂದ್ರು," ಎನ್ನುತ್ತಾರೆ. ಗಾದೆಯ ಉಳಿದರ್ಧವನ್ನು ಹೇಳದೆ ಬಿಡುತ್ತಾರೆ.

ಬೆಳಕು ಇನ್ನೂ ಇದೆ. ಭೀಮಶ್ಯಾ ಡಬ್ಬಿ ಹಿಡಿದು ಅಂಗಳಕ್ಕೆ ಇಳಿಯುತ್ತಾರೆ. ಹೊಸ ಮುಂಭಾಗದ ಗೆರೆ ಹಾಕುತ್ತಾರೆ. ಅದಕ್ಕೂ ಕೂರಿಸಬೇಕೆಂದಿರುವುದು ಈ ವಾಡೆಯ ಚೌಕಟ್ಟನ್ನೇ. ಬಾಗಿಲನ್ನು ಪೂರ್ವಕ್ಕೆ ಬಿಡಿಸಿ ನಿಂತು ನೋಡುತ್ತಾರೆ. ಅಳಿಸುತ್ತಾರೆ. ಉತ್ತರಕ್ಕೆ ಬಿಡಿಸುತ್ತಾರೆ. ಕಪಿಲ ಕೆಲಸದಿಂದ ಬಂದು ಹೊರಸಿನ ಒಂದು ತುದಿ ಹಿಡಿಯುತ್ತಾನೆ, ಇನ್ನೊಂದು ತುದಿ ನಾನು. ಪೂರ್ವದ ಬಾಗಿಲಿನಲ್ಲೂ ಹೊರಸು ಸಲೀಸಾಗಿ ಹೊರಬರುತ್ತದೆ, ಉತ್ತರದಲ್ಲೂ ಬರುತ್ತದೆ. ಆದರೂ ಕಸಬರಿಗೆ ಏಳುತ್ತದೆ.

"ಎರಡೂ ಕಡಿ ಬರಾಕತ್ತದಲ್ಲಪ್ಪ. ಮತ್ಯಾಕ ಅಳಸ್ತಿ?" ಎಂದು ಕಪಿಲ ಕೇಳುತ್ತಾನೆ.

"ಗೊತ್ತಿಲ್ಲೋ. ಏನೋ ಬರೋಬರಿ ಅನಸವಲ್ದು."

ನನಗೆ ಒಂದು ಸಂಶಯ ಬಂದು ಬಾಯಿ ತಡೆಯುವುದಿಲ್ಲ. "ಎಲ್ಲರ ಮನೆಯಲ್ಲೂ ಹೆಣ್ಣುಮಕ್ಕಳನ್ನು ಮೊದಲು ಕೇಳುತ್ತೀರಿ. ಇಲ್ಲಿ ಕೇಳಿದಿರಾ?"

ಭೀಮಶ್ಯಾ ಹೊಸ್ತಿಲಿನ ಆಚೆ ನಿಂತ ಹೆಂಡತಿಯನ್ನು ನೋಡುತ್ತಾರೆ. ಅನಸುಬಾಯಿ ವಾಕರ್ ತಿರುಗಿಸಿ ಒಳಗೆ ಹೋಗುತ್ತಾರೆ. ಹೋಗಿ ಬರಲು ಸಾಕಷ್ಟು ಹೊತ್ತು ಹಿಡಿಯುತ್ತದೆ. ಬಂದಾಗ ಅವರ ಕೈಯಲ್ಲಿ ಒಂದು ತೊಗರಿ ಕಡ್ಡಿ ಇದೆ. ಉಳಿದ ಕಡ್ಡಿಗಳಂತೆ ಉದ್ದವಿಲ್ಲ. ನಾಲ್ಕು ಬೆರಳಿನಷ್ಟು ಮಾತ್ರ. ತುದಿಗೆ ನೀಲಿ ಚಿಂದಿ ಕಟ್ಟಿದೆ.

"ಇದು ನನ್ನ ಕಡ್ಡಿ. ಹೋದ ವರ್ಷದಿಂದ ಬುದ್ಧನ ಫೋಟೋ ಹಿಂದಿತ್ತು."

ಭೀಮಶ್ಯಾ ಅದನ್ನು ತಿರುಗಿಸಿ ನೋಡುತ್ತಾರೆ. "ಇದು ಯಾವುದರ ಅಳತಿ?"

"ನನ್ನ ಕಾಲಿಂದು. ಇಷ್ಟೇ ಎತ್ತಾಕ ಬರ್ತದ."

ಭೀಮಶ್ಯಾ ಕಡ್ಡಿಯನ್ನು ಕೈಯಲ್ಲಿ ಹಿಡಿದೇ ಹೊಸ್ತಿಲಿನ ಬಳಿ ಹೋಗಿ ಕುಕ್ಕರಗಾಲಲ್ಲಿ ಕೂರುತ್ತಾರೆ. ನೆಲದ ಮೇಲೆ ನಿಲ್ಲಿಸುತ್ತಾರೆ. ಕಡ್ಡಿಯ ನೀಲಿ ತುದಿ ಹೊಸ್ತಿಲಿನ ಅರ್ಧಕ್ಕೂ ಬರುವುದಿಲ್ಲ. ಅಗಲ ಅಳೆದವರು, ಉದ್ದ ಅಳೆದವರು, ತಿರುವು ಅಳೆದವರು ಅವರು. ಹೊರಸನ್ನು ನಾಲ್ವರು ಎತ್ತಿ ಹೊರುತ್ತಾರೆ. ಅದಕ್ಕೆ ಹೊಸ್ತಿಲಿನ ಹಂಗಿಲ್ಲ. ಸುಣ್ಣದ ಗೆರೆಗೆ ಎತ್ತರವೇ ಇಲ್ಲ. ಎತ್ತ ಬಿಡಿಸಿದರೂ ಆ ಬಾಗಿಲಿನ ಜೊತೆ ಈ ಹೊಸ್ತಿಲು ಬರುತ್ತಿತ್ತು. ಅದು ಅವರಿಗೆ ಗೊತ್ತಿತ್ತೋ, ಗೊತ್ತಿದ್ದೂ ಕಾಣದಂತೆ ಅಳಿಸುತ್ತಿದ್ದರೋ, ನಾನು ಹೇಳಲಾರೆ.

"ಮೊದ್ಲೇ ಹೇಳಬಾರದೇನು?" ಎನ್ನುತ್ತಾರೆ ಭೀಮಶ್ಯಾ.

"ಹ್ಯಾಂಗ ಹೇಳ್ಲಿ? ಮಾವನ ಸಲುವಾಗಿ ತಂದೀರಿ. ಕಿತ್ತು ಒಗೀರಿ ಅಂತ ಹೇಳಾಕ ನಂಗ ಬಾಯಿ ಬರಲಿಲ್ಲ. ಹೊರಸು ಒಮ್ಮಿ ಹೋಗ್ತದ. ನಾ ದಿನಾ ಹೋಗಿ ಬರಬೇಕಲ್ಲ." ಅನಸುಬಾಯಿ ವಾಕರಿನ ಕಾಲನ್ನು ಹೊಸ್ತಿಲಿಗೆ ತಾಗಿಸುತ್ತಾರೆ. "ಮಾವಗ ಅವರು ದಾಟಗೊಡಲಿಲ್ಲ. ಈಗ ನಾ ದಾಟಲಾರದಂಗ ಆಗೀನಿ. ಅದೇ ಕಟ್ಟಿಗಿ."

ಭೀಮಶ್ಯಾ ಹೊಸ್ತಿಲಿನ ಮೇಲೆ ಅಂಗೈ ಇಟ್ಟು ಕೂತೇ ಇದ್ದಾರೆ. ನಾನು ಇನ್ನೂ ಹೊರಸಿನ ತುದಿ ಹಿಡಿದು ನಿಂತಿದ್ದೇನೆ. ಅವರು ಎದ್ದು ಮಗನನ್ನು ಕರೆಯುತ್ತಾರೆ. ಆಗ ಅವರ ಮಾತಿನಲ್ಲಿ ಮೂವತ್ತು ವರ್ಷ ನೆಲ ಹಾಸಿದವರ ಧಾಟಿ ಇದೆ.

"ಕಪಿಲ, ಜಗದೇವಪ್ಪಗ ಫೋನ್ ಹಚ್ಚು. ಬಾಗ್ಲ ಇದ್ದಲ್ಲೇ ಇರ್ತದಂತ ಹೇಳು. ಹೊಸ್ತಲ ಕೀಳಾದಿಲ್ಲ. ಒಳಗ, ಹೊರಗ, ಎರಡೂ ಕಡಿ ನೆಲ ಅದರ ಸರಿಸಮ ಎತ್ತಿ ಫರಸಿ ಹಾಕ್ತೀನಿ. ಒರಟ ಕಲ್ಲು, ಜಾರಲಾರದ್ದು. ಅಂಗಳಕ್ಕ ಇಳಿಜಾರ ಮಾಡ್ತೀನಿ. ಹೊಸ್ತಲ ನೆಲದಾಗ ಇರ್ಲಿ. ಮ್ಯಾಲೆ ನಡದು ಹೋಗೋಣು."

ಆಮೇಲೆ ಅವರು ತಾವೇ ಇನ್ನೊಂದು ಫೋನು ಮಾಡುತ್ತಾರೆ. ಅದು ಮುಧೋಳಕ್ಕೆ. "ನಾಗರತ್ನಾ, ಬಾಗ್ಲ ನಿಂದ್ರಸಬ್ಯಾಡವ್ವ. ನಾಳಿ ಮುಂಜಾನಿ ಮತ್ತ ಬರ್ತೀನಿ. ಇಲ್ಲ, ಗೆರಿ ಸರಿ ಅದ. ಮರೆಮ್ಮ ಕಾಲ ಎಷ್ಟು ಎತ್ತತಾಳ ನೋಡಬೇಕು." ಆ ಕಡೆಯಿಂದ ಏನೋ ಕೇಳುತ್ತಾರೆ. ಇವರು ಹೇಳುತ್ತಾರೆ: "ಹೌದು, ನಂಗೂ ಇವತ್ತೇ ತಿಳೀತು."

ನಾನು ಹೊರಡಲು ಚೀಲ ಹೆಗಲಿಗೇರಿಸುತ್ತೇನೆ. ಬೆಳಿಗ್ಗೆ ಕೇಳಿದ ಪ್ರಶ್ನೆಯನ್ನು ಮತ್ತೆ ಕೇಳುವ ಧೈರ್ಯ ನನಗಿಲ್ಲ. ಅವರೇ ನೆನಪಿಟ್ಟುಕೊಂಡಿದ್ದಾರೆ.

"ಸಾಹೇಬ್ರ, ಆಸಿ ಕೇಳಿದ್ರಲ್ಲ, ಬರ್ಕೋರಿ. ಏಪ್ರಿಲ್ ಹದಿನಾಲ್ಕಕ್ಕ ಭೀಮ ಜಯಂತಿ. ಓಣಿ ತುದಿಗಿ ಝಂಡಾ ಏರಸ್ತಾರ. ಇಕಿ ಹೋದ ವರ್ಷ ಒಳಗ ನಿಂತು ನೋಡ್ಯಾಳ. ಈ ವರ್ಷ ನಾ ಇನ್ನ ಅಂಗಿ ಹುಡಕತಿರಬೇಕು, ಅಷ್ಟರಾಗ ಇಕಿ ಒಬ್ಬಾಕಿನೇ ಅಲ್ಲಿ ಹೋಗಿ ನಿಂತಿರಬೇಕು."

ಅನಸುಬಾಯಿ ಆ ನಾಲ್ಕು ಬೆರಳಿನ ಕಡ್ಡಿಯನ್ನು ಗಂಡನ ಕೈಯಿಂದ ವಾಪಸ್ ಇಸಿದುಕೊಳ್ಳುತ್ತಾರೆ. "ಇದು ನನ್ನ ಹತ್ರ ಇರ್ಲಿ," ಎನ್ನುತ್ತಾರೆ. "ಸೋಮವಾರ ಗೌಂಡಿ ಬಂದಾಗ ನೀವು ಮನಸ್ಸು ಬದಲಿ ಮಾಡಿದ್ರ ತೋರಸ್ತೀನಿ."